ನೀಲಿ ಕಾಗದ

ಶೊಪ್ರೋನ್ ಪೇಟೆಯಲ್ಲಿ ಮೂರು ಅಂಗಡಿಗೊಂದು ಹಲ್ಲಿನ ಬೋರ್ಡು.
ಗಡಿಯಾಚೆಯಿಂದ ಬೆಳಗಿನ ರೈಲು ಬಂದು
ಕೆನ್ನೆ ಹಿಡಿದವರನ್ನು ಇಳಿಸಿ ಹೋಗುತ್ತದೆ.
ನಾನು ಅವರ ಮುಖ ಕಂಡವಳಲ್ಲ.
ನೆಲಮಾಳಿಗೆಯಲ್ಲಿ ನನ್ನ ಬೆಂಚು, ಕುಲುಮೆ, ಕುಂಚ,
ಗೋಡೆಯುದ್ದಕ್ಕೂ ಬಿಳಿ ಗಾರೆಯ ದವಡೆಗಳು,
ಒಂದೊಂದಕ್ಕೂ ಪೆನ್ಸಿಲಿನಲ್ಲಿ ಬರೆದ ನಂಬರು.
ಇಪ್ಪತ್ತಾರು ವರ್ಷದಿಂದ ಕಿರೀಟ ಮಾಡುತ್ತಿದ್ದೇನೆ,
ಒಬ್ಬ ರಾಜನೂ ಬಂದಿಲ್ಲ.

ನಂಬರು ಎಂಟುನೂರ ಹನ್ನೆರಡು.
ಕೆಳಗೆ, ಬಲಗಡೆ, ಮೊದಲ ದವಡೆಹಲ್ಲು.
ಮೊದಲ ಸಲ ಪಿಂಗಾಣಿ.
ಕಾಫಿ ಕುಡಿದು ಮಾಗಿದ ಹಲ್ಲಿನ ಬಣ್ಣ ಬರಲೆಂದು
ಕಂದು ಒಂದೆಳೆ, ಬೂದಿ ಅರ್ಧ ಎಳೆ.
ಐದು ತಿಂಗಳಿಗೆ ಚಕ್ಕೆಯೆದ್ದು ವಾಪಸು ಬಂತು
ಬೆಂಕಿಪೊಟ್ಟಣದಲ್ಲಿ, ಹತ್ತಿಯ ಮೇಲೆ ಮಲಗಿ.
ಜೊತೆಗೆ ಡಾಕ್ಟರ್ ರೆಜೊ ಅವರ ಚೀಟಿ:
"ಎತೆಲ್ಕಾ, ಕುಲುಮೆಯ ಶಾಖ ನೋಡು."
ನೋಡಿದೆ. ಶಾಖ ಸರಿಯಿತ್ತು.

ಎರಡನೆಯದು ಜಿರ್ಕೋನಿಯಾ,
ಸುತ್ತಿಗೆಗೂ ಜಗ್ಗದ ಜಾತಿ.
ಅದು ಒಡೆಯಲಿಲ್ಲ, ನಿಜ.
ಎದುರಿಗಿದ್ದ ಮೇಲಿನ ಹಲ್ಲಿನ ಮೂಲೆ ಒಡೆಯಿತು.
ಆಮೇಲೆ ಒಳಗಿನ ಸಿಮೆಂಟು ಪುಡಿಯಾಗಿ
ಒಂದು ಭಾನುವಾರ ರೊಟ್ಟಿಯ ಜೊತೆ ಕೈಗೇ ಬಂತಂತೆ.
"ಮತ್ತೆ ಮಾಡು. ಈ ಸಲ ದುಡ್ಡಿಲ್ಲ."
ನಾನು ಅವುಡುಗಚ್ಚಿದೆ.

ಆ ರಾತ್ರಿ ಎಂಟುನೂರ ಹನ್ನೆರಡರ
ಎರಡೂ ದವಡೆ ಕೈಯಲ್ಲಿ ಹಿಡಿದು ಕೂತೆ.
ಮುಚ್ಚಿದೆ, ತೆಗೆದೆ, ಮುಚ್ಚಿದೆ.
ಟಿಕ್. ಆಮೇಲೆ ಟಕ್.
ಕತ್ತಲ ಮೆಟ್ಟಿಲಲ್ಲಿ ಯಾರೋ ಎಡವಿದ ಹಾಗೆ.
ಒಂದು ಬಾಯಿಗೆ ಎರಡು ಸದ್ದು ಇರಬಾರದು.

ಗಾರೆ ಸುಳ್ಳು ಹೇಳುವುದಿಲ್ಲ,
ಕೇಳದೆ ನಿಜ ಹೇಳುವುದೂ ಇಲ್ಲ.
ಎಡಗಡೆ, ಹಿಂದೆ, ಒಂದು ಹಲ್ಲಿಲ್ಲ;
ಯಾವ ಕಾಲದಲ್ಲೋ ಕಿತ್ತದ್ದು, ಒಸಡು ನುಣ್ಣಗಾಗಿದೆ.
ಪಕ್ಕದ್ದು ಆ ಜಾಗಕ್ಕೆ ವಾಲಿದೆ
ಬಸ್ಸಿನಲ್ಲಿ ನಿದ್ದೆಹೋದವನು ಖಾಲಿ ಸೀಟಿಗೆ ವಾಲುವಂತೆ.
ಮೇಲಿನದು ಇಳಿದಿಳಿದು ಇಣುಕುತ್ತಿದೆ
ಬಾವಿಗೆ ಬಿದ್ದ ಕೊಡ ಹುಡುಕುವಂತೆ.
ಆ ಕಡೆ ಜಗಿಯಲಾಗದ್ದೆಲ್ಲ ಈ ಕಡೆ ಬಂದು
ನನ್ನ ಒಂದೇ ಒಂದು ಕಿರೀಟದ ನೆತ್ತಿಗೆ.

ಹನ್ನೊಂದು ವರ್ಷಕ್ಕೆ ಮೊದಲ ಸಲ ಮೇಲೆ ಹತ್ತಿದೆ,
ಏಪ್ರನ್ನಿನ ಗಾರೆ ಕೊಡವಿಕೊಳ್ಳದೆ.
ಎಂಟುನೂರ ಹನ್ನೆರಡಕ್ಕೊಂದು ಹೆಸರಿತ್ತು,
ಹೆಡ್ವಿಗ್ ಪ್ರೋಲ್.
ರೈಲ್ವೆ ಸಿಗ್ನಲ್ ಕೋಣೆಯಲ್ಲಿ ರಾತ್ರಿಪಾಳಿ, ಮೂವತ್ತು ವರ್ಷ,
ಹೆಸರು ಹೇಳಲು ಇಡೀ ಸಾಲು ಹಲ್ಲು ಬೇಕಾಗುವ
ಯಾವುದೋ ಆಸ್ಟ್ರಿಯಾದ ಊರಲ್ಲಿ.

"ಮಲಗಿಸಿ ಕಚ್ಚಿಸಬೇಡಿ, ಕೂರಿಸಿ" ಎಂದೆ.
"ಮಲಗಿದರೆ ದವಡೆ ಹಿಂದಕ್ಕೆ ಜಾರುತ್ತದೆ.
ಊಟವನ್ನು ಯಾರು ಮಲಗಿ ಮಾಡುತ್ತಾರೆ?"
ರೆಜೊ ನನ್ನನ್ನು ನೋಡಿದರು,
ಕುರ್ಚಿ ಮಾತಾಡಿದ್ದನ್ನು ನೋಡಿದ ಹಾಗೆ.
ಆದರೂ ಕೂರಿಸಿದರು.
ನೀಲಿ ಕಾಗದ ಇಟ್ಟು, ಕಚ್ಚಿ, ಎಂದರು.

ಕಾಗದ ಎಳೆದಾಗ ಕಿರೀಟದ ಮೇಲೆ
ದಟ್ಟ ನೀಲಿ ಬಳೆ, ನಡುವೆ ಬಿಳಿ ಬೊಟ್ಟು.
ಉಳಿದ ಹಲ್ಲುಗಳ ಮೇಲೆ ಬಣ್ಣವೇ ಇಲ್ಲ,
ಕೆಲಸಕ್ಕೆ ಬಾರದೆ ಸಹಿ ಹಾಕದವರ ಹಾಗೆ.

ಕೂದಲೆಳೆಯಷ್ಟು ತೇಯ್ದರು.
ಮತ್ತೆ ಕಾಗದ. ಇನ್ನರ್ಧ ಎಳೆ.
ಆಮೇಲೆ ಕೇಳಿದರು, "ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ?"
"ಗೊತ್ತಿಲ್ಲ" ಎಂದಳು ಬಾಯಿ ಒರೆಸಿಕೊಂಡು,
"ಮೊದಲು ಅವನು ಹೇಳುತ್ತಿದ್ದ.
ಈಗ ಯಾರು ಹೇಳಬೇಕು?"

ಮೂರನೆಯದನ್ನು ತಗ್ಗಿಸಿಯೇ ಕಟ್ಟಿದೆ,
ರಾತ್ರಿ ಹಾಕಿಕೊಳ್ಳಲೊಂದು ಪಾರದರ್ಶಕ ಕವಚ ಕೂಡ.
ಎಡಗಡೆಯ ಆ ಜಾಗದ ಮಾತೆತ್ತಿದರೆ
"ಮುಂದಿನ ವರ್ಷ ನೋಡೋಣ" ಅಂದಳಂತೆ.

ಏಳು ತಿಂಗಳಾಯಿತು.
ಮೇಲಿನ ಮನೆಯಲ್ಲಿ ಯಾರೋ ಸ್ಟೌ ಹಚ್ಚಲು
ಬೆಂಕಿಪೊಟ್ಟಣ ಅಲ್ಲಾಡಿಸಿದರೂ ಸಾಕು,
ಇಲ್ಲಿ ಕೆಳಗೆ ನನ್ನ ದವಡೆ ತಾನಾಗಿ ಬಿಗಿಯುತ್ತದೆ.
ಬಲಗಡೆ. ಮೊದಲು ಬಲಗಡೆ.